ಧನುಶ್ರೀಯ ಒಂದೇ ಷರತ್ತು

ಹನುಮಂತನಗರ
ಫೆಬ್ರವರಿ 18, 2024

ಚೈತು,

ನಿನ್ನೆ ವಿಡಿಯೋ ಕಾಲ್ ಮತ್ತೆ ನಿಂತುಹೋಯಿತು. ನಿನ್ನ ಪರದೆಯ ಮೇಲೆ ನಾನು ಎರಡೂ ಕೈ ಮೇಲೆತ್ತಿಕೊಂಡು ಗೊಂಬೆಯ ಹಾಗೆ ನಿಂತಿದ್ದೆನಂತೆ. ಕಿವಿ ಕೇಳುವವರಿಗಾದರೆ ನೆಟ್‌ವರ್ಕ್ ಹೋದಾಗ ‘ಹಲೋ ಹಲೋ’ ಎಂದು ಕೂಗುವ ಸುಖವಾದರೂ ಇದೆ, ನನ್ನಂಥ ಕಿವುಡಿಗೆ ಅದೂ ಇಲ್ಲ. ನಿನ್ನ ಬ್ಯಾಂಕಿನವರು ನಿನ್ನನ್ನು ವರ್ಗ ಮಾಡಿ ಎತ್ತಿ ಒಗೆಯಲು ಬಾಗಲಕೋಟೆಯೇ ಬೇಕಾಗಿತ್ತೇ? ಇರಲಿ, ಇನ್ನು ಮುಂದೆ ಕಾಗದ ಬರೆಯುತ್ತೇನೆ. ಓದಲು ಸೋಮಾರಿತನ ಮಾಡಬೇಡ.

ನಿಶ್ಚಿತಾರ್ಥಕ್ಕೆ ಏಪ್ರಿಲ್ 21, ಭಾನುವಾರ ಎಂದಾಯಿತು. ನಮ್ಮ ಮನೆಯಲ್ಲೇ. ಅಪ್ಪನ ಕಾಲು ನೆಲದ ಮೇಲಿಲ್ಲ. ಕರೆಂಟು ಕಂಬ ಹತ್ತುತ್ತಿದ್ದ ಕಾಲದಲ್ಲೂ ಅವರು ಇಷ್ಟು ಎತ್ತರದಲ್ಲಿ ಇರಲಿಲ್ಲವೆಂದು ಅಮ್ಮ ಬರೆದು ತೋರಿಸಿದಳು.

ನಿಜ ಹೇಳಲಾ, ನನಗೇ ನಂಬಿಕೆ ಬರುತ್ತಿಲ್ಲ. ಶಶಿಕುಮಾರ್ ಮನೆಯವರು ನೋಡಲು ಬರುವ ಹಿಂದಿನ ದಿನ, ಇವರೂ ಕಾಫಿ ಕುಡಿದು ಮಲ್ಲೇಶ್ವರಕ್ಕೆ ವಾಪಸ್ಸು ಎಂದುಕೊಂಡಿದ್ದೆ. ಸರ್ಕಾರಿ ಕೆಲಸ ನೋಡಿ ಬರುತ್ತಾರೆ, ಕಿವಿ ನೋಡಿ ಹೋಗುತ್ತಾರೆ, ಇದೇ ತಾನೇ ನಡೆದುಬಂದ ಪದ್ಧತಿ. ಅದಕ್ಕೇ ಧೈರ್ಯವಾಗಿ ಹೇಳಿಬಿಟ್ಟೆ. ನನ್ನದು ಒಂದೇ ಷರತ್ತು. ಹುಡುಗ, ಅವನ ಅಪ್ಪ, ಅಮ್ಮ, ಮನೆಯಲ್ಲಿ ಇರುವ ಎಲ್ಲರೂ ನಮ್ಮ ಬಸವನಗುಡಿಯ ಶನಿವಾರದ ಕ್ಲಾಸಿಗೆ ಆರು ತಿಂಗಳು ಬಂದು ಸನ್ನೆ ಭಾಷೆ ಕಲಿಯಬೇಕು. ಕಲಿತ ಮೇಲೆ ಮದುವೆ. ನನ್ನ ಜೊತೆ ಯಾರೂ ಮಾತಾಡದ ಮನೆಗೆ ನಾನು ಕಾಲಿಡುವುದಿಲ್ಲ. ಇಷ್ಟನ್ನೂ ಕೈಯಲ್ಲಿ ಹೇಳಿದೆ. ನೀನು ಅದನ್ನು ಬಾಯಲ್ಲಿ ಹೇಳುವಾಗ ಅವರ ಮುಖವನ್ನೇ ನೋಡುತ್ತಿದ್ದೆ. ಶಶಿಕುಮಾರ್ ಅಮ್ಮ ನಕ್ಕು ತಲೆಯಾಡಿಸಿದರು ಚೈತು. ಆಮೇಲೆ ನನ್ನ ಕೆನ್ನೆ ಸವರಿದರು.

ಇಷ್ಟು ಒಳ್ಳೆಯವರು ಈ ಊರಿನಲ್ಲಿ ಇದ್ದಾರೆ ಎಂದು ಗೊತ್ತಿದ್ದರೆ ನಾನು ಇಷ್ಟು ವರ್ಷ ಜಗಳಗಂಟಿಯಾಗಿ ಇರುತ್ತಿರಲಿಲ್ಲ.

ಧನು

*

ಬಾಗಲಕೋಟೆ
ಫೆಬ್ರವರಿ 27, 2024

ಪ್ರೀತಿಯ ಧನು,

ಕಾಗದ ಬಂತು. ಬಹಳ ಸಂತೋಷ. ಇಲ್ಲಿ ಈಗಲೇ ಬಿಸಿಲು ಹಂಚಿನ ಹಾಗಿದೆ. ಬ್ಯಾಂಕಿನಲ್ಲಿ ಫ್ಯಾನು ತಿರುಗುತ್ತದೆ, ಗಾಳಿ ಬರುವುದಿಲ್ಲ. ಜೋಳದ ರೊಟ್ಟಿ ಬಡಿಯಲು ಕಲಿಯುತ್ತಿದ್ದೇನೆ, ಮನೆಯೊಡತಿ ನನ್ನ ರೊಟ್ಟಿ ನೋಡಿ ಕರ್ನಾಟಕದ ನಕಾಶೆ ಎನ್ನುತ್ತಾರೆ.

ನಿಶ್ಚಿತಾರ್ಥಕ್ಕೆ ಇನ್ನೂ ಸಮಯವಿದೆಯಲ್ಲ. ಅದರ ಮುಂಚೆ ನೀನೂ ಶಶಿಕುಮಾರೂ ಒಮ್ಮೆ ಕೂತು ಎಲ್ಲವನ್ನೂ ಇನ್ನೊಂದು ಸಲ ಮಾತಾಡಿಕೊಂಡರೆ ಒಳ್ಳೆಯದು ಅನಿಸುತ್ತದೆ. ನನ್ನ ಬದಲು ಚಕ್ರಪಾಣಿಯವರನ್ನು ಕರೆದುಕೊಂಡು ಹೋಗು. ಅವರು ಕಿವುಡ ತಂದೆತಾಯಿಯ ಮಗ, ಕೋರ್ಟಿನಲ್ಲೂ ಸನ್ನೆ ಅನುವಾದ ಮಾಡುತ್ತಾರೆ. ನಾನೆಷ್ಟೆಂದರೂ ಶನಿವಾರ ಕಲಿತವಳು. ಅವತ್ತು ಗಡಿಬಿಡಿಯೂ ಇತ್ತು, ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದರು, ನಿಮ್ಮಪ್ಪ ಬೇರೆ ನನ್ನ ಮುಖವನ್ನೇ ನೋಡುತ್ತಿದ್ದರು. ಎಲ್ಲರಿಗೂ ಎಲ್ಲವೂ ಸರಿಯಾಗಿ ತಲುಪಿತೋ ಇಲ್ಲವೋ. ಮೊದಲ ದಿನ ಜನ ಎಲ್ಲದಕ್ಕೂ ಹೂಂ ಎನ್ನುತ್ತಾರೆ, ನಿನಗೇ ಗೊತ್ತು.

ಇನ್ನೂ ಏನೋ ಬರೆಯಬೇಕೆಂದು ಕೂತಿದ್ದೆ. ಎದ್ದು ಎರಡು ಸಲ ನೀರು ಕುಡಿದು ಬಂದೆ, ಬರೆಯಲು ಆಗುತ್ತಿಲ್ಲ. ಸೆಖೆ ಇರಬೇಕು.

ನಿನ್ನ ಚೈತು

*

ಹನುಮಂತನಗರ
ಮಾರ್ಚ್ 9, 2024

ಚೈತು,

ನಿನ್ನ ಕಾಗದ ಓದಿ ಮೈಯೆಲ್ಲ ಉರಿಯಿತು. ಮಡಚಿಟ್ಟು ಮತ್ತೆ ಓದಿದೆ, ಮತ್ತಷ್ಟು ಉರಿಯಿತು.

ಮುಚ್ಚುಮರೆ ಯಾಕೆ? ಕಿವಿ ಕೇಳುವ ಮನೆಯವರು ಕಿವುಡಿಯ ಷರತ್ತಿಗೆ ಇಷ್ಟು ಸಲೀಸಾಗಿ ಒಪ್ಪುತ್ತಾರಾ ಎಂದು ನಿನಗೆ ಅನುಮಾನ. ನೀನು ಮೊದಲ ಸಲ ಕ್ಲಾಸಿಗೆ ಬಂದದ್ದು ನೆನಪಿದೆಯೇ? ಒಂದು ರಟ್ಟಿನ ಪೆಟ್ಟಿಗೆ ತುಂಬ ಬಿಸ್ಕತ್ತು ಹೊತ್ತು ತಂದಿದ್ದೆ. ನಾವೆಲ್ಲ ಸಂಬಳ ತರುವವರು, ನಮ್ಮ ಲಾಸ್ಯಾ ನಿನಗಿಂತ ಹೆಚ್ಚು ಸಂಬಳ ತರುವವಳು, ನೀನು ನಮಗೆ ಸಾಲಾಗಿ ಬಿಸ್ಕತ್ತು ಹಂಚಿದೆ. ನಾವು ಕೈಯಲ್ಲಿ ಏನು ಹೇಳಿದರೂ ಒಂದೂ ತಿಳಿಯದೆ ತಲೆಯಾಡಿಸುತ್ತಿದ್ದೆ. ಅದಕ್ಕೇ ನಿನಗೆ ನಮ್ಮಲ್ಲಿ ‘ತಲೆಯಾಡಿಸುವವಳು’ ಎಂಬ ಸನ್ನೆಯನ್ನೇ ಹೆಸರಾಗಿ ಇಟ್ಟಿದ್ದು. ಆಮೇಲೆ ನೀನು ಬಿಸ್ಕತ್ತು ಬಿಟ್ಟೆ, ಸೇವೆ ಮಾಡಲು ಬಂದವಳು ಸ್ನೇಹಿತೆ ಆದೆ ಎಂದುಕೊಂಡಿದ್ದೆ. ಈಗ ನೋಡಿದರೆ ಆ ಪೆಟ್ಟಿಗೆ ಇನ್ನೂ ನಿನ್ನ ಕಂಕುಳಲ್ಲೇ ಇದೆ. ನನಗೆ ಒಳ್ಳೆಯದಾದರೆ ನಿನ್ನ ಕೆಲಸ ಹೋಗುತ್ತದೆ ಎಂಬ ಭಯವೇ?

ಬರೆಯಬಾರದ್ದನ್ನು ಬರೆದೆ. ಹೊಡೆದುಹಾಕುವುದಿಲ್ಲ, ಇರಲಿ.

ಇಲ್ಲಿ ಬೋರ್‌ವೆಲ್ ಬತ್ತಿದೆ. ಬೀದಿಯವರೆಲ್ಲ ಬಿಂದಿಗೆ ಹಿಡಿದು ಟ್ಯಾಂಕರಿಗೆ ಕಾಯುತ್ತಾರೆ. ಟ್ಯಾಂಕರಿನ ಹಾರನ್ನು ನನಗೆ ಕೇಳದು, ಜನ ಓಡುವುದನ್ನು ನೋಡಿ ಓಡುತ್ತೇನೆ. ಅಪ್ಪ ಅದರ ಮಧ್ಯೆಯೂ ಅಳಿಯನ ಸುದ್ದಿ ಹೇಳುತ್ತಾ ನಿಂತಿರುತ್ತಾರೆ. ನನಗೆ ಮಾತ್ರ ಏನೂ ಹೇಳುವುದಿಲ್ಲ. ಊಟ, ಬಾ, ದುಡ್ಡು, ಸುಮ್ಮನಿರು, ಅವರ ಕೈಗೆ ಬರುವುದು ಅಷ್ಟೇ. ಬರೆಯಲು ಕೂತರೆ ರುಜುವಿನಾಚೆ ಹೋಗುವುದಿಲ್ಲ. ಮಿಕ್ಕದ್ದಕ್ಕೆಲ್ಲ ನೀನಿದ್ದೆ.

ಮುಂದಿನ ಭಾನುವಾರ ಗಾಂಧಿ ಬಜಾರಿನಲ್ಲಿ ಶಶಿಕುಮಾರ್ ಸಿಗುತ್ತಾನೆ. ನಾವಿಬ್ಬರೇ. ಚಕ್ರಪಾಣಿಯೂ ಬೇಡ, ನೀನೂ ಬೇಡ. ಒಂದು ತಿಂಗಳಲ್ಲಿ ಹುಡುಗ ಎಷ್ಟು ಸನ್ನೆ ಕಲಿತಿದ್ದಾನೆ ಎಂದು ನೋಡುತ್ತೇನೆ.

ಧನು

*

ಹನುಮಂತನಗರ
ಮಾರ್ಚ್ 17, 2024

ಚೈತನ್ಯಾ,

ಅವನಿಗೆ ಒಂದೂ ಬರುವುದಿಲ್ಲ. ಕ್ಲಾಸು ಎಲ್ಲಿದೆ ಎಂದೂ ಗೊತ್ತಿಲ್ಲ. ನಾನು ಕೇಳಿದ್ದಕ್ಕೆ ದೋಸೆ ಬಿಟ್ಟು ಮೊಬೈಲಿನಲ್ಲಿ ಹೀಗೆ ಒತ್ತಿ ತೋರಿಸಿದ: ‘ಕ್ಲಾಸಾ? ನೀವೇ ಹೊಂದ್ಕೊಂಡು ಹೋಗ್ತೀನಿ ಅಂದ್ರಲ್ಲ. ಅಮ್ಮಂಗೆ ಅದೇ ತುಂಬಾ ಇಷ್ಟ ಆಗಿದ್ದು.’

ನಾನು ಅಂದು ಏನು ಹೇಳಿದೆ ಎಂದು ನನಗೆ ಗೊತ್ತು. ನೀನು ಏನು ಹೇಳಿದೆ? ಅದನ್ನು ಬರೆದು ಕಳುಹಿಸು. ವಿಡಿಯೋ ಕಾಲ್ ಮಾಡಬೇಡ. ನನ್ನ ಮುಖ ನೋಡಿದರೆ ನೀನು ಮತ್ತೆ ಮಾತು ಬದಲಾಯಿಸುತ್ತೀಯ. ಕಾಗದದಲ್ಲಿ ನನ್ನ ಮುಖ ನಿನಗೆ ಕಾಣುವುದಿಲ್ಲ.

ಧನುಶ್ರೀ

*

ಬಾಗಲಕೋಟೆ
ಮಾರ್ಚ್ 23, 2024

ಧನು,

ನಾನು ಹೇಳಿದ್ದು ಇಷ್ಟು: ‘ಹೊಂದ್ಕೊಂಡು ಹೋಗ್ತೀನಿ ಅಂತಿದಾಳೆ ಆಂಟಿ. ನೀವೂ ಒಂದೆರಡು ಸನ್ನೆ ಕಲಿತ್ರೆ ಅವಳಿಗೆ ಖುಷಿಯಾಗುತ್ತಂತೆ.’ ಅವರು ‘ಅದಕ್ಕೇನಂತೆ, ಕಲಿತ್ರಾಯ್ತು’ ಎಂದು ನಕ್ಕರು. ಆರು ತಿಂಗಳ ಮಾತನ್ನು ನಾನು ಬಾಯಿಗೇ ತರಲಿಲ್ಲ.

ಯಾಕೆ ಎಂದು ಕೇಳುತ್ತೀಯ. ನೀನು ಕೈ ಆಡಿಸುತ್ತಿದ್ದಾಗ ನಿಮ್ಮಪ್ಪ ಸೋಫಾದ ತುದಿಯಲ್ಲಿ ಕೂತು ನನ್ನನ್ನು ನೋಡುತ್ತಿದ್ದರು. ‘ಏನಂತಮ್ಮ ಅವಳು, ಒಳ್ಳೆ ಮಾತು ತಾನೆ?’ ಎಂದರು. ಹಿಂದೆ ಬಂದವರೆಲ್ಲ ಎದ್ದುಹೋದಾಗ ಆ ಮನುಷ್ಯ ಗೇಟಿನ ತನಕ ಹೋಗಿ ಕೈಮುಗಿದದ್ದನ್ನು ನಾನು ನೋಡಿದ್ದೇನೆ. ಬಾಯಿ ತೆರೆದೆ, ಬೇರೆ ಮಾತು ಬಂತು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎನ್ನುತ್ತಾರೆ, ನಾನು ಹೇಳಿದ್ದು ಒಂದು. ಮದುವೆಯಾದ ಮೇಲೆ ಅವರು ತಾವಾಗಿ ಕಲಿಯುತ್ತಾರೆ ಎಂದು ನನಗೆ ನಾನೇ ಹೇಳಿಕೊಂಡೆ.

ನಾನು ಬೆಳೆದ ಮನೆಯೇ ಹಾಗೆ. ಚಾಮರಾಜಪೇಟೆಯ ನಮ್ಮ ಪಾತ್ರೆ ಅಂಗಡಿಯಲ್ಲಿ ‘ಇಲ್ಲ’ ಎನ್ನುವ ಹಾಗಿಲ್ಲ. ಗಿರಾಕಿ ಕೇಳಿದ್ದು ಇಲ್ಲದಿದ್ದರೆ ‘ನಾಳೆ ಬರುತ್ತೆ ಕೂತ್ಕೊಳ್ಳಿ’ ಎನ್ನಬೇಕು. ದೀಪ ಆರಿಸು ಎನ್ನಬಾರದು, ಶಾಂತ ಮಾಡು ಎನ್ನಬೇಕು. ಹೋಗುತ್ತೇನೆ ಎಂದರೆ ನಮ್ಮಪ್ಪ ಪರಮಶಿವಯ್ಯನವರು ಬಾಗಿಲಿನಿಂದ ವಾಪಸ್ಸು ಕರೆದು ‘ಬರ್ತೀನಿ ಅನ್ನು’ ಎಂದು ಹೇಳಿಸಿ ಕಳುಹಿಸುತ್ತಿದ್ದರು. ಕಹಿ ಮಾತನ್ನು ಹಾಗೇ ದಾಟಿಸುವುದು ನನಗೆ ಕಲಿಸಿದ ಮರ್ಯಾದೆಗೆ ವಿರುದ್ಧ. ಇದನ್ನು ಸಮರ್ಥನೆ ಎಂದುಕೊಂಡರೂ ಸರಿ.

ಆದರೆ ನೀನೂ ಒಂದು ಯೋಚಿಸು. ಮೊದಲ ದಿನವೇ, ಕಾಫಿ ಲೋಟ ಇನ್ನೂ ಬಿಸಿಯಿರುವಾಗ, ಆರು ತಿಂಗಳ ಕ್ಲಾಸು ಎಂದರೆ ಯಾರು ಒಪ್ಪುತ್ತಾರೆ? ನಿನ್ನ ಒಳ್ಳೆಯದಕ್ಕೇ ಮಾಡಿದೆ ಧನು.

ಚೈತು

*

ಬಾಗಲಕೋಟೆ
ಏಪ್ರಿಲ್ 4, 2024

ಧನು,

ಉತ್ತರವಿಲ್ಲ. ಮೆಸೇಜು ನೋಡಿದ್ದೀಯ ಎಂದು ಮೊಬೈಲು ತೋರಿಸುತ್ತದೆ, ಅಷ್ಟೇ.

ನನ್ನ ಹಿಂದಿನ ಕಾಗದದ ಕೊನೆಯ ಸಾಲನ್ನು ವಾಪಸ್ಸು ತೆಗೆದುಕೊಳ್ಳುತ್ತೇನೆ. ಅದನ್ನು ಪೋಸ್ಟ್ ಮಾಡಿ ಬಂದು ಕೌಂಟರಿನಲ್ಲಿ ಕೂತೆ. ಒಬ್ಬರು ಅಜ್ಜಿ ತಮ್ಮ ಖಾತೆಯ ವಿಷಯ ಕೇಳಲು ಬಂದರು, ಜೊತೆಗಿದ್ದ ಮಗ ಅವರ ಎಲ್ಲ ಪ್ರಶ್ನೆಗಳಿಗೂ ತಾನೇ ಉತ್ತರ ಕೊಟ್ಟ. ನಾನೂ ಅವನ ಜೊತೆಯೇ ಮಾತಾಡಿ ಕಳುಹಿಸಿದೆ. ಅಜ್ಜಿ ನನ್ನನ್ನು ಒಮ್ಮೆ ನೋಡಿ ಹೋದರು. ಅಲ್ಲಿಂದ ಯಾವ ಕೆಲಸದಲ್ಲೂ ಮನಸ್ಸು ನಿಲ್ಲುತ್ತಿಲ್ಲ. ಕೂತರೆ ಏಳಬೇಕು, ಎದ್ದರೆ ಎಲ್ಲಿಗೆ ಹೋಗುವುದೋ ತಿಳಿಯದು. ಮನೆಯೊಡತಿ ‘ಯಾಕ್ರೀ ಮೇಡಂ, ಕಾಲಿಗೆ ಚಕ್ರ ಕಟ್ಕೊಂಡೀರೇನು’ ಎನ್ನುತ್ತಾರೆ.

ನಿಶ್ಚಿತಾರ್ಥ ನಿಲ್ಲಿಸಿದೆಯಾ? ಮನೆಯಲ್ಲಿ ಹೇಳಿದೆಯಾ? ಬೈದಾದರೂ ಬರೆ.

ಚೈತು

*

ಹನುಮಂತನಗರ
ಏಪ್ರಿಲ್ 10, 2024

ಚೈತನ್ಯಾ,

ನಿನ್ನೆ ಯುಗಾದಿ. ಬೀಗರು ನನಗೊಂದು ಸೀರೆ ಕಳುಹಿಸಿದರು. ಅಪ್ಪ ಅದನ್ನು ದೇವರ ಮುಂದೆ ಇಟ್ಟಿದ್ದಾರೆ. ನಾನು ಯಾರಿಗೂ ಏನೂ ಹೇಳಿಲ್ಲ, ನಿಲ್ಲಿಸಿಯೂ ಇಲ್ಲ.

ಹೇಳಲು ಹೋಗಿದ್ದೆ. ಅಮ್ಮನಿಗೆ ಬರೆದು ತೋರಿಸಿದೆ. ಅವಳು ಓದಿ, ಹಾಳೆಯನ್ನು ಮಡಚಿ ಸೆರಗಿಗೆ ಸಿಕ್ಕಿಸಿಕೊಂಡು, ಆಮೇಲೆ ನೋಡೋಣ ಎನ್ನುವ ಹಾಗೆ ಕೈ ತಿರುಗಿಸಿದಳು. ಅವಳೂ ನಿನ್ನ ಹಾಗೆಯೇ. ನನ್ನ ಮಾತು ಯಾರ ಕೈಗೆ ಕೊಟ್ಟರೂ ಅಲ್ಲಿಗೇ ನಿಲ್ಲುತ್ತದೆ.

ನನ್ನ ಒಳ್ಳೆಯದಕ್ಕೆ ಮಾಡಿದೆ ಎಂದೆಯಲ್ಲ, ಆ ಸಾಲನ್ನು ವಾಪಸ್ಸು ತೆಗೆದುಕೊಂಡದ್ದಕ್ಕೆ ಈ ಕಾಗದ ಬರೆಯುತ್ತಿದ್ದೇನೆ. ಇಲ್ಲದಿದ್ದರೆ ಬರೆಯುತ್ತಿರಲಿಲ್ಲ. ಒಂದು ಇಡೀ ತಿಂಗಳು ನಾನು ಹುಚ್ಚಿಯ ಹಾಗೆ ಖುಷಿಯಾಗಿದ್ದೆ. ಆಫೀಸಿನಲ್ಲಿ, ಕ್ಲಾಸಿನಲ್ಲಿ ಎಲ್ಲರಿಗೂ ಹೇಳಿಕೊಂಡು ತಿರುಗಿದೆ, ನೋಡಿ, ಕೇಳಿದರೆ ಕೊಡುತ್ತಾರೆ, ನೀವೂ ಕೇಳಿ ಎಂದು. ಲಾಸ್ಯಾ ತನ್ನ ಗಂಡನ ಮನೆಯಲ್ಲಿ ಕೇಳಿಯೂಬಿಟ್ಟಳು. ಈಗ ಅವಳಿಗೆ ಏನು ಹೇಳಲಿ?

21ನೇ ತಾರೀಕು ನೀನು ಬರಬೇಕು. ತಾಂಬೂಲ ಬದಲಾಯಿಸುವ ಮೊದಲು ನಾನು ಅದೇ ಮಾತನ್ನು ಅವರೆಲ್ಲರ ಮುಂದೆ ಮತ್ತೆ ಹೇಳುತ್ತೇನೆ. ನೀನು ಅದನ್ನು ನಾನು ಹೇಳಿದ ಹಾಗೆಯೇ ಬಾಯಲ್ಲಿ ಹೇಳಬೇಕು. ಅವರು ಆಡಿದ್ದನ್ನೆಲ್ಲ ನನಗೆ ಕೈಯಲ್ಲಿ ಹೇಳಬೇಕು. ಎಲ್ಲವನ್ನೂ, ಪಕ್ಕದವರ ಕಿವಿಯಲ್ಲಿ ಆಡಿದ್ದನ್ನೂ. ಚಕ್ರಪಾಣಿ ಸಿಗುತ್ತಾರೆ, ನಾನೇ ಕರೆದಿಲ್ಲ. ಅವರು ಹೇಳಿದರೆ ನಿನ್ನ ಬಾಯಿಯ ತಪ್ಪು ಹಾಗೇ ಉಳಿಯುತ್ತದೆ. ಕೆಡಿಸಿದವಳೇ ಸರಿಮಾಡು.

ಧನುಶ್ರೀ

*

ಬಾಗಲಕೋಟೆ
ಏಪ್ರಿಲ್ 23, 2024

ಧನು,

ಮೆಜೆಸ್ಟಿಕ್‌ನಲ್ಲಿ ಬಸ್ಸು ಹೊರಡುವಾಗ ನಿನ್ನ ಮೆಸೇಜು ಬಂತು. ‘ನಾನು ನಿನ್ನ ಕೈ ನೋಡುತ್ತಿದ್ದೆ, ಅವರ ಮುಖ ನೋಡಲಾಗಲಿಲ್ಲ. ನಡೆದದ್ದನ್ನು ಪೂರ್ತಿ ಬರೆ.’ ಬರೆಯುತ್ತೇನೆ. ಸಿಹಿ ಹಾಕುವುದಿಲ್ಲ.

ನೀನು ಷರತ್ತು ಹೇಳಿ ಮುಗಿಸಿದಾಗ ಎಲ್ಲರೂ ನನ್ನ ಕಡೆ ನೋಡಿದರು. ಶಶಿಕುಮಾರ್ ತಾಯಿ ಮುಗುಳುನಗುತ್ತಲೇ ಇದ್ದರು, ಈ ಹುಡುಗಿ ಈಗ ಏನೋ ಒಳ್ಳೆಯದು ಹೇಳುತ್ತಾಳೆ ಎಂದು. ನಾನು ಹೇಳಿದೆ: ‘ಆರು ತಿಂಗಳು ನೀವೆಲ್ಲ ಕ್ಲಾಸಿಗೆ ಬಂದು ನನ್ನ ಭಾಷೆ ಕಲೀಬೇಕು. ಕಲಿತ ಮೇಲೆ ಮದುವೆ. ಇದನ್ನ ನಾನು ಫೆಬ್ರವರಿಯಲ್ಲೇ ಹೇಳಿದ್ದೆ, ಚೈತನ್ಯಾ ನಿಮಗೆ ಹೇಳಲಿಲ್ಲ.’ ಶಶಿಕುಮಾರ್ ತಲೆ ತಗ್ಗಿಸಿ ಮೊಬೈಲು ನೋಡಿಕೊಂಡ. ಅವನ ಅಪ್ಪ ‘ಈ ವಯಸ್ಸಲ್ಲಿ ನಂಗೆಲ್ಲಿ ಬರುತ್ತಮ್ಮ’ ಎಂದರು, ನಿಜಕ್ಕೂ ಸಂಕಟದಿಂದ. ಅವರ ಮುಖದಲ್ಲಿ ಕೆಟ್ಟದ್ದೇನೂ ಇರಲಿಲ್ಲ.

ಆಮೇಲೆ ಆ ತಾಯಿ ತಮ್ಮ ತಂಗಿಯ ಕಡೆ ಬಾಗಿ ಮೆಲ್ಲಗೆ ಆಡಿದರು. ‘ಇವಳಿಗೇ ಇಷ್ಟು ಧಿಮಾಕು. ನಾಳೆ ಹುಟ್ಟೋ ಮಕ್ಕಳೂ ಹಿಂಗೇ ಆದ್ರೆ ಏನ್ ಗತಿ ಹೇಳು.’ ನನಗೆ ಕೇಳಿಸಿತು. ನಿನ್ನ ಕಣ್ಣು ನನ್ನ ಕೈ ಮೇಲಿತ್ತು. ಧನು, ನನ್ನ ಕೈ ಮೇಲೇಳಲಿಲ್ಲ. ಒಂದು ಗಳಿಗೆ ನುಂಗಿಬಿಡೋಣ ಅನಿಸಿತು. ನಿನಗೆ ಗೊತ್ತಾಗುತ್ತಿರಲಿಲ್ಲ, ಈ ಸಲ ಯಾರೂ ಹೇಳುತ್ತಲೂ ಇರಲಿಲ್ಲ. ಆಮೇಲೆ ಹೇಳಿದೆ. ಒಂದೊಂದು ಸನ್ನೆಯೂ ನನ್ನ ಕೈಯಿಂದಲೇ ನಿನಗೆ ಹೊಡೆದ ಹಾಗಿತ್ತು. ‘ಅದನ್ಯಾಕಮ್ಮ ಅವಳಿಗೆ ಹೇಳ್ತೀಯ, ಬಿಡು’ ಎಂದು ನಿಮ್ಮಪ್ಪ ನನ್ನ ಮಣಿಕಟ್ಟು ಹಿಡಿದರು.

ಆಗ ನೀನು ಅವರ ಕಡೆಗಲ್ಲ, ನಿಮ್ಮಪ್ಪನ ಕಡೆ ತಿರುಗಿದೆ. ನೀನು ಹೇಳಿದ್ದನ್ನು ನಾನು ಹೀಗೆ ಹೇಳಿದೆ, ಸರಿಯಾಗಿದೆಯೇ ನೋಡು: ‘ಅಪ್ಪಾ, ಇವರನ್ನ ನಾನು ಕೇಳಿದ್ದು ಆರು ತಿಂಗಳು. ನಿಮಗೆ ನಾನು ಹುಟ್ಟಿದಾಗಿಂದ ಟೈಮಿತ್ತು. ನೀವು ಕಲೀಲಿಲ್ಲ. ನಂಜೊತೆ ಮಾತಾಡೋಕೆ ನಿಮಗೆ ಚೈತನ್ಯಾ ಬೇಕು. ಇನ್ನೊಂದು ಅಂಥದೇ ಮನೆಗೆ ನನ್ನ ಕಳಿಸಬೇಡಿ.’

ನಿಮ್ಮಪ್ಪನ ಕಣ್ಣು ನನ್ನ ಮೇಲೆಯೇ ಇತ್ತು. ಆ ಮಾತು ನನ್ನದೇ ಎನ್ನುವ ಹಾಗೆ. ಬೀಗರು ತಟ್ಟೆಯಲ್ಲಿದ್ದ ಹಣ್ಣು ಕಾಯಿಯನ್ನು ಹಾಗೇ ಬಿಟ್ಟು ಎದ್ದರು. ಊಟ ಮಾಡಲಿಲ್ಲ. ಶಶಿಕುಮಾರ್ ಬಾಗಿಲಲ್ಲಿ ಒಮ್ಮೆ ತಿರುಗಿ ನೋಡಿದ, ನೀನು ಅಷ್ಟರಲ್ಲಿ ಒಳಗೆ ಹೋಗಿದ್ದೆ.

ನೀನು ಸೀರೆ ಬದಲಾಯಿಸುತ್ತಿದ್ದಾಗ ನಿಮ್ಮಪ್ಪ ನನ್ನನ್ನು ಹಿತ್ತಿಲಿಗೆ ಕರೆದರು. ‘ಹೋದ ಸಲ ಮುಚ್ಚಿಟ್ಟೆ, ಮದುವೆ ಕುದುರ್ತು. ಈ ಸಲ ಬಿಚ್ಚಿಟ್ಟೆ, ಮುರೀತು. ಇನ್ಮೇಲೆ ನಮ್ಮನೆಗೆ ಬರ್ಬೇಡಮ್ಮ’ ಎಂದರು. ಬೈಯಲಿಲ್ಲ, ಕೈಮುಗಿದು ಹೇಳಿದರು. ಬೈದಿದ್ದರೆ ಚೆನ್ನಾಗಿತ್ತು. ಇದನ್ನು ಬರೆಯಬಾರದೆಂದು ಬಸ್ಸಿನ ದಾರಿಯುದ್ದಕ್ಕೂ ಅಂದುಕೊಂಡೆ. ಪೂರ್ತಿ ಬರೆ ಎಂದೆಯಲ್ಲ.

ನನಗೆ ಭಯವಾಗುತ್ತಿದೆ. ನೀನು ಕೇಳಿದ್ದನ್ನು ಮಾಡಿದೆ, ಆದರೂ ನಿನ್ನ ಮನೆಯನ್ನು ಒಡೆದು ಬಂದ ಹಾಗಿದೆ.

ಚೈತು

*

ಹನುಮಂತನಗರ
ಮೇ 12, 2024

ಚೈತು,

ತಡವಾಯಿತು. ಬರೆಯಲು ಕೂತಾಗಲೆಲ್ಲ ನಿನ್ನ ಮೇಲೆ ಸಿಟ್ಟು ಬರುತ್ತಿತ್ತು. ಈ ಸಲ ನೀನು ಹೇಳಿದ್ದಕ್ಕೆ.

ಮಕ್ಕಳ ಮಾತು ನನ್ನನ್ನು ಬಿಡಲಿಲ್ಲ. ಕಂಪ್ಯೂಟರಿನ ಮುಂದೆ ಕೂತರೆ ನಿನ್ನ ಕೈ ಕಾಣುತ್ತಿತ್ತು. ಹಲ್ಲುಜ್ಜುವಾಗ ಕಾಣುತ್ತಿತ್ತು. ಅತ್ತುಬಿಟ್ಟೆ. ಅಮ್ಮನಿಗೆ ಗೊತ್ತಾಗದ ಹಾಗೆ ಅಳಲು ನನಗೆ ಬರುವುದಿಲ್ಲ, ನನ್ನ ಅಳು ಎಷ್ಟು ಜೋರೋ ನನಗೇ ತಿಳಿಯದು. ಇದನ್ನು ನೀನು ನುಂಗಿಬಿಟ್ಟಿದ್ದರೆ ಏನಾಗುತ್ತಿತ್ತು ಎಂದುಕೊಂಡೆ. ಎಲ್ಲವನ್ನೂ ಹೇಳು ಎಂದು ಅಪ್ಪಣೆ ಮಾಡಿದವಳೇ ನಾನು. ಫೆಬ್ರವರಿಯಲ್ಲಿ ನಿನ್ನ ಬಾಯಿ ಯಾಕೆ ಹಾಗೆ ತಿರುಗಿತು ಎಂದು ಆಗ ಅರ್ಥವಾಯಿತು. ಅರ್ಥವಾಯಿತು ಅಷ್ಟೇ, ಒಪ್ಪಿದೆ ಎಂದಲ್ಲ. ಗೊತ್ತಿಲ್ಲದೆ ಆ ಮನೆಯಲ್ಲಿ ನಗುತ್ತಾ ಓಡಾಡುವುದಕ್ಕಿಂತ ಗೊತ್ತಿದ್ದು ಇಲ್ಲಿ ಅತ್ತದ್ದೇ ವಾಸಿ. ಲಾಸ್ಯಾಗೂ ನಡೆದದ್ದನ್ನೆಲ್ಲ ಹೇಳಿದೆ. ಅವಳು ಕೇಳಿದ್ದನ್ನು ಬಿಟ್ಟುಕೊಡುವುದಿಲ್ಲವಂತೆ, ಮೊಂಡು ನನಗಿಂತ ಒಂದು ಕೈ ಮೇಲು.

ಶಶಿಕುಮಾರ್ ಒಂದು ಮೆಸೇಜು ಕಳುಹಿಸಿದ್ದ, ಅಮ್ಮನ ಪರವಾಗಿ ಕ್ಷಮಿಸಿ ಎಂದು. ತನ್ನ ಪರವಾಗಿ ಏನೂ ಇರಲಿಲ್ಲ. ನಾನು ಉತ್ತರಿಸಲಿಲ್ಲ.

ಅಪ್ಪನ ವಿಷಯ. ಎರಡು ವಾರ ಅವರು ನನ್ನ ಮುಖ ನೋಡಲಿಲ್ಲ. ನಾನು ಹಾಲಿಗೆ ಬಂದರೆ ಅವರು ಎದ್ದು ಬೀದಿಗೆ ಹೋಗುತ್ತಿದ್ದರು. ಕಳೆದ ಗುರುವಾರ ಬೆಳಿಗ್ಗೆ ನಾನು ಆಫೀಸಿಗೆ ಹೊರಟಾಗ ಬಾಗಿಲಿಗೆ ಅಡ್ಡ ನಿಂತರು. ಬಾಯಲ್ಲಿ ಏನೋ ಶುರುಮಾಡಿದರು. ತಿಳಿಯಲಿಲ್ಲ ಎಂದು ಕೈ ಅಲ್ಲಾಡಿಸಿದೆ. ಅಮ್ಮನ ಕಡೆ ನೋಡಿದರು, ಅಮ್ಮ ಬರಲಿಲ್ಲ. ನಿನ್ನನ್ನು ಕರೆಯುವ ಹಾಗಿಲ್ಲ. ಬೇರೆ ದಾರಿ ಇರಲಿಲ್ಲ, ಪಾಪ.

ಎದೆ ಬಡಿದುಕೊಂಡರು. ನನ್ನನ್ನು ತೋರಿಸಿದರು, ಸೊಂಟದೆತ್ತರಕ್ಕೆ ಕೈ ಹಿಡಿದು ಇಷ್ಟಿದ್ದೆ ಎಂದರು, ಹೆಗಲ ಮೇಲೆ ಹೊತ್ತ ಹಾಗೆ ನಡೆದು ತೋರಿಸಿದರು. ಕಿವಿ ಹಿಡಿದರು, ಒಬ್ಬೊಬ್ಬ ಡಾಕ್ಟರ ಮುಂದೆ ನಿಂತ ಹಾಗೆ ಬಾಗಿದರು. ನಾನು ಎಲ್ಲ ಮಾಡಿದೆ, ನೀನು ಎಲ್ಲರ ಮುಂದೆ ಮಾನ ಕಳೆದೆ ಎಂದು ತಮ್ಮ ಕೆನ್ನೆಗೆ ತಾವೇ ಹೊಡೆದುಕೊಂಡರು. ನಾನೂ ಬಿಡಲಿಲ್ಲ. ಕಿವಿ ಕಿವಿ ಎಂದು ಅಲೆದಿರಿ, ನನ್ನ ಕೈ ಒಮ್ಮೆಯಾದರೂ ನೋಡಿದಿರಾ ಎಂದೆ. ಅವರಿಗೆ ತಿಳಿಯಲಿಲ್ಲ. ಇನ್ನೊಮ್ಮೆ ಎಂದು ಬೆರಳು ತೋರಿಸಿದರು. ಮತ್ತೆ ಹೇಳಿದೆ, ನಿಧಾನವಾಗಿ. ಮತ್ತೂ ತಿಳಿಯಲಿಲ್ಲ. ಮತ್ತೆ ಕೇಳಿದರು. ಅಪ್ಪ ನನ್ನ ಮಾತನ್ನು ಮತ್ತೆ ಹೇಳು ಎಂದು ಕೇಳಿದ್ದು ಅದೇ ಮೊದಲು ಚೈತು. ತಿಳಿದಾಗ ಅವರ ಮುಖ ಇಳಿದುಹೋಯಿತು, ಆದರೂ ಸೋಲಲಿಲ್ಲ, ಮತ್ತೆ ಕೈ ಎತ್ತಿದರು. ಅಮ್ಮ ಒಲೆ ಆರಿಸಿ ಬಾಗಿಲಿಗೊರಗಿ ನಿಂತಿದ್ದಳು. ಮಧ್ಯೆ ಬಾಯಿ ಹಾಕಲಿಲ್ಲ. ನಾನು ಅರ್ಧ ದಿನ ರಜೆ ಹಾಕಬೇಕಾಯಿತು.

ರಾಜಿಯಾಗಲಿಲ್ಲ. ಮದುವೆ ಮುರಿದದ್ದು ನನ್ನಿಂದ ಎಂಬ ಅವರ ಹಟ ಹಾಗೇ ಇದೆ, ನನ್ನ ಹಟವೂ ಹಾಗೇ ಇದೆ. ಆದರೆ ಜಗಳ ಪೂರ್ತಿ ಆಯಿತು. ಇಷ್ಟು ದಿನ ನಮ್ಮಿಬ್ಬರಿಗೂ ಒಂದು ಪೂರ್ತಿ ಜಗಳವೇ ಆಗಿರಲಿಲ್ಲ. ಬಸ್ಸಿನಲ್ಲಿ ನನಗೆ ನಗು ಬಂತು, ಪಕ್ಕದ ಹೆಂಗಸು ಸರಿದು ಕೂತಳು.

ನೀನು ಈ ಮನೆಗೆ ಬರುವ ವಿಷಯಕ್ಕೂ ಜಗಳವಾಯಿತು. ಅವರು ಬೇಡವೇ ಬೇಡ ಎಂದರು. ಅವಳು ನಿಮಗೆ ಅನುವಾದದವಳು, ನನಗೆ ಗೆಳತಿ, ಬರುತ್ತಾಳೆ ಎಂದೆ. ಅದನ್ನು ಎಷ್ಟೋ ಸಲ ಹೇಳಬೇಕಾಯಿತು. ಕೊನೆಗೆ ಕೈ ಕೊಡವಿ ಸ್ನಾನಕ್ಕೆ ಹೋದರು. ಅದನ್ನು ಒಪ್ಪಿಗೆ ಎಂದು ನಾನು ತೀರ್ಮಾನಿಸಿದ್ದೇನೆ.

ಜೂನ್‌ನಲ್ಲಿ ರಜೆ ಹಾಕಿ ಬಾ. ಅಪ್ಪ ನಿನ್ನನ್ನು ಬೈಯಬಹುದು. ಏನು ಬೈದರು ಎಂದು ನನಗೆ ಹೇಳುವ ಕೆಲಸ ನಿನಗಿಲ್ಲ. ಅವರನ್ನೇ ಕೇಳುತ್ತೇನೆ.

ಧನು